ಹದಿನೆಂಟಕ್ಕೆ ಹೌದು ಎಂದವರು

ನಮ್ಮ ಊರಿನಲ್ಲಿ ಅರ್ಜಿ ತುಂಬುವಾಗ ಎಲ್ಲರ ಕೈಯೂ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಹೆಸರು ಬರೆಯುತ್ತಾರೆ, ತಂದೆಯ ಹೆಸರು ಬರೆಯುತ್ತಾರೆ, ಬೀದಿ, ಮನೆ ಸಂಖ್ಯೆ ಎಲ್ಲ ಸರಾಗವಾಗಿ ಸಾಗುತ್ತದೆ. ವಯಸ್ಸಿನ ಖಾನೆ ಬಂತೆಂದರೆ ಪೆನ್ನು ಎತ್ತಿ ಹಿಡಿದು, ಬೆರಳು ಮಡಚಿ ಎಣಿಸಿ, ಪಕ್ಕದಲ್ಲಿದ್ದವರನ್ನೂ ಒಮ್ಮೆ ಕೇಳಿ, ಆಮೇಲೆ ಬರೆಯುತ್ತಾರೆ. ಏಕೆಂದರೆ ಇಲ್ಲಿ ಬರೆದುಕೊಟ್ಟ ವಯಸ್ಸನ್ನು ಆ ಕಡೆಯವರು ಒಪ್ಪಿಕೊಂಡರು ಎಂದರೆ ಮೈಗೂ ಅದೇ ವಯಸ್ಸು ಬಂದುಬಿಡುತ್ತದೆ. ಬಾಯಲ್ಲಿ ಎಷ್ಟು ಸುಳ್ಳು ಹೇಳಿದರೂ ಏನೂ ಆಗುವುದಿಲ್ಲ. ನಮ್ಮ ಹೆಂಗಸರು ಮದುವೆ ಮನೆಗಳಲ್ಲಿ ಧಾರಾಳವಾಗಿ ಹೇಳುತ್ತಾರೆ. ಬರೆದು ಒಪ್ಪಿಗೆಯಾದರೆ ಮಾತ್ರ ಫಜೀತಿ. ತಪ್ಪಾಗಿದ್ದರೆ ಒಪ್ಪಿಕೊಂಡವರೇ ಅದನ್ನು ಹೊಡೆದುಹಾಕಿ ಸರಿಯಾದದ್ದನ್ನು ಬರೆಯಬೇಕು. ಬರೆದವರು ತಾವಾಗಿ ಎಷ್ಟು ಅಳಿಸಿದರೂ ಪ್ರಯೋಜನವಿಲ್ಲ.

ಹಾಗಾಗಿ ನಮ್ಮಲ್ಲಿ ಅರ್ಜಿ ಬರೆಯುವವರಿಗಿಂತ ತೆಗೆದುಕೊಳ್ಳುವವರಿಗೆ ಹೆಚ್ಚು ಎಚ್ಚರ. ಪುರಸಭೆಯ ಕಿಟಕಿಯಲ್ಲಿ ಕೂರುವ ಸೀತಾಬಾಯಿಯವರಂತೂ ಮುಖ ನೋಡದೆ ಮುದ್ರೆ ಒತ್ತಿದವರೇ ಅಲ್ಲ. ಕನ್ನಡಕವನ್ನು ಮೂಗಿನ ತುದಿಗಿಳಿಸಿ, "ಎಲ್ಲಿ, ಸ್ವಲ್ಪ ಬೆಳಕಿಗೆ ಬಾ" ಎನ್ನುತ್ತಾರೆ. ಒಂದು ಸಲ ಅವರು ರಜೆಯಲ್ಲಿದ್ದಾಗ ಹೊಸಬನೊಬ್ಬ ಗೋವಿಂದಪ್ಪನವರ ಅರ್ಜಿಯಲ್ಲಿ ಅರವತ್ತೈದು ಹಿಂದುಮುಂದಾಗಿ ಐವತ್ತಾರು ಆಗಿದ್ದನ್ನು ನೋಡದೆ ಒತ್ತಿಬಿಟ್ಟ. ಗೋವಿಂದಪ್ಪನವರ ಮಂಡಿನೋವು ಹೋಯಿತು, ಅರ್ಧ ತಲೆ ಕಪ್ಪಾಯಿತು. ಸೀತಾಬಾಯಿಯವರು ಬಂದು ತಪ್ಪು ಹಿಡಿದಾಗ ಗೋವಿಂದಪ್ಪನವರ ಹೆಂಡತಿಯೇ ಓಡಿಬಂದು, "ಇನ್ನೊಂದು ವಾರ ಹಂಗೇ ಇರ್ಲಿ ಬಿಡ್ರಿ, ಅಟ್ಟ ಕ್ಲೀನ್ ಮಾಡಿಸ್ಕೊಂಡು ಆಮೇಲೆ ತಿದ್ದಿಸ್ತೀನಿ" ಎಂದು ಕೇಳಿಕೊಂಡಿದ್ದರು.

ನಾನು ಸುಗುಣ. ಶಾಲೆಯ ಗೇಟಿನ ಎದುರಿಗೇ ನನ್ನ ಹೊಲಿಗೆ ಅಂಗಡಿ. ಹೆಂಗಸರ ರವಿಕೆ, ಮಕ್ಕಳ ಯೂನಿಫಾರಂ ಹೊಲಿಯುತ್ತೇನೆ. ಗಂಡ ಬಸವಂತ ಲಾರಿ ಓಡಿಸುವವನು, ತಿಂಗಳಲ್ಲಿ ಹತ್ತು ದಿನ ಮನೆಯಲ್ಲಿದ್ದರೆ ಹೆಚ್ಚು. ಮಗಳು ಇಂಚರ ಒಬ್ಬಳೇ. ಈ ಕಥೆ ನಡೆದಾಗ ಅವಳಿಗೆ ಹತ್ತು ವರ್ಷ, ಐದನೆಯ ತರಗತಿ.

ಊರಿಗೆ ಮೊಬೈಲ್ ಸಿಗ್ನಲ್ ಗಟ್ಟಿಯಾದ ವರ್ಷ ಗಲಗಲ ಬಂತು. ಅದೊಂದು ಆ್ಯಪ್. ಕುಣಿದದ್ದನ್ನು ಹಾಕಬಹುದು, ಕುಣಿದವರನ್ನು ನೋಡಬಹುದು, ಗುರುತು ಪರಿಚಯವಿಲ್ಲದವರ ಜೊತೆ ಎಷ್ಟು ಹೊತ್ತಾದರೂ ಹರಟಬಹುದು. ತೆರೆದ ಕೂಡಲೇ ಅದು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ನಿಮಗೆ ಹದಿನೆಂಟು ವರ್ಷ ತುಂಬಿದೆಯೇ?" ಕೆಳಗೆ "ಹೌದು" ಎಂಬುದು ಹಸಿರು ಬಣ್ಣದಲ್ಲಿ, ಅಂಗೈ ಇಟ್ಟರೂ ಸಿಗುವಷ್ಟು ದೊಡ್ಡದಾಗಿ, "ಇಲ್ಲ" ಎಂಬುದು ಮೂಲೆಯಲ್ಲಿ, ಬೂದು ಬಣ್ಣದಲ್ಲಿ, ಸೂಜಿಯ ಕಣ್ಣಿನಷ್ಟು. ಹೌದು ಒತ್ತಿದ ಮರುಕ್ಷಣವೇ "ಒಪ್ಪಿಕೊಂಡಿದ್ದೇವೆ, ಒಳಗೆ ಬನ್ನಿ" ಎಂದು ಬರುತ್ತಿತ್ತು. ನಾವು ದೊಡ್ಡವರೆಲ್ಲ ಒತ್ತಿದೆವು. ಹೇಳಿದ್ದು ನಿಜವೇ ಆದ್ದರಿಂದ ನಮಗೇನೂ ಆಗಲಿಲ್ಲ. ಇದು ಮುಖ ನೋಡುವವರು ಯಾರೂ ಕೂತಿರದ ಕಿಟಕಿ ಎಂಬುದು ಆಗ ಒಬ್ಬರಿಗೂ ಹೊಳೆಯಲಿಲ್ಲ.

ಒಂದು ಬುಧವಾರ ಬೆಳಿಗ್ಗೆ ನಾನು ಒಲೆಯ ಮುಂದೆ ದೋಸೆ ತಿರುವುತ್ತಿದ್ದೆ. "ಅಮ್ಮಾ, ನನ್ನ ಫ್ರಾಕು ಹರಿದೋಯ್ತು" ಎಂಬ ದನಿ ಕೇಳಿತು. ದನಿ ಅವಳದ್ದೇ, ಆದರೆ ಸ್ವಲ್ಪ ದಪ್ಪವಾಗಿತ್ತು. ತಿರುಗಿದರೆ ಬಾಗಿಲಲ್ಲಿ ನನಗಿಂತ ನಾಲ್ಕು ಬೆರಳು ಎತ್ತರದ ಹುಡುಗಿಯೊಬ್ಬಳು ಬೆಡ್‌ಶೀಟು ಸುತ್ತಿಕೊಂಡು ನಿಂತಿದ್ದಳು. ಉದ್ದ ಕತ್ತು, ತಿದ್ದಿದಂಥ ಹುಬ್ಬು. ನನ್ನ ಅತ್ತೆಯ ಮದುವೆ ಫೋಟೋ ಎದ್ದು ಬಂದಂತೆ ಕಂಡಿತು. ಕೈಯಲ್ಲಿ ನನ್ನ ಮೊಬೈಲು.

"ಏನೇ ಮಾಡ್ಕೊಂಡೆ?"

"ನನ್ನ ಹೆಸರು ಹಾಕಿ ಹೌದು ಒತ್ತಿದೆ. ಅಷ್ಟೇ." ಹೊದ್ದಿದ್ದ ಬಟ್ಟೆಯ ತುದಿಯಲ್ಲಿ ಮೂಗು ಒರೆಸಿಕೊಂಡಳು. "ನಿಖಿತಾ ಒತ್ತಿದ್ಲು, ಲಿಖಿತ್ ಒತ್ತಿದ, ಎಲ್ಲರೂ ಒತ್ತಿದ್ರು. ಅಮ್ಮಾ, ನನ್ನ ಹಲ್ಲು ಅಲ್ಲಾಡ್ತಾ ಇತ್ತಲ್ಲ, ಅದು ಎಲ್ಲೂ ಇಲ್ಲ. ನಾನೇ ಕೀಳ್ಬೇಕು ಅಂತಿದ್ದೆ." ಎಂದವಳೇ ಜೋರಾಗಿ ಅಳತೊಡಗಿದಳು. ಐದೂವರೆ ಅಡಿ ಎತ್ತರದ ಹೆಣ್ಣುಮಗಳು ಹಾಲುಹಲ್ಲಿಗಾಗಿ ಅಳುವುದನ್ನು ನೋಡಿ ನನಗೆ ನಗು ಬಂತು. ಆ ನಗುವಿನ ಹಿಂದೆಯೇ ಬೆರಳು ಮಡಚಿ ಎಣಿಸಿದೆ. ಅವಳ ಹನ್ನೊಂದು, ಹನ್ನೆರಡು, ಹದಿಮೂರು ಎಲ್ಲಿ? ನಾನು ನೋಡಬೇಕಾಗಿದ್ದ ಎಂಟು ವರ್ಷಗಳನ್ನು ಯಾರೋ ನನ್ನ ಕೈಯಿಂದ ಎತ್ತಿಕೊಂಡು ಹೋಗಿದ್ದರು. ದೋಸೆ ಸೀದು ಹೋಯಿತು.

ಆ ದಿನ ಶಾಲೆಗೆ ಮೂವತ್ತೊಂದು ಮಕ್ಕಳು ಹದಿನೆಂಟು ವರ್ಷದವರಾಗಿ ಬಂದರು. ಅಪ್ಪನ ಪಂಚೆ, ಅಕ್ಕನ ಚೂಡಿದಾರ, ಕಿಟಕಿಯ ಪರದೆ, ಸಿಕ್ಕಿದ್ದನ್ನು ಸುತ್ತಿಕೊಂಡಿದ್ದರು. ಹೆಡ್‌ಮಾಸ್ಟರು ರೇವಣ್ಣ ಮೇಷ್ಟ್ರು ಗೇಟಿನಲ್ಲಿ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದರು. ನಾಲ್ಕನೆಯ ತರಗತಿಯ ಲಿಖಿತನಿಗೆ ಒಳ್ಳೆ ಪೊಗದಸ್ತಾದ ಮೀಸೆ ಬಂದಿತ್ತು. ಅದನ್ನು ಅವನು ಎರಡೂ ಕೈಯಿಂದ ಮುಚ್ಚಿಕೊಂಡಿದ್ದ. ಮೇಷ್ಟ್ರು ಒಂದು ನಿಮಿಷ ಯೋಚಿಸಿ, "ಮಗ್ಗಿ ಬರ್ತದೋ ಇಲ್ವೋ?" ಎಂದು ಕೇಳಿದರು. "ಏಳರ ತನಕ ಬರ್ತದೆ ಸಾರ್" ಎಂದ ಲಿಖಿತ, ಕಂಚಿನಂಥ ಗಂಟಲಲ್ಲಿ. "ಹಂಗಾದ್ರೆ ನಾಲ್ಕನೇ ಕ್ಲಾಸೇ. ಹೋಗಿ ಕೂತ್ಕೋ" ಎಂದರು ಮೇಷ್ಟ್ರು. ಮಧ್ಯಾಹ್ನದ ಹೊತ್ತಿಗೆ ಐದು ಬೆಂಚು ಮುರಿದಿದ್ದವು.

ಮೊದಲ ಹತ್ತು ದಿನ ಊರಿಗೆ ಊರೇ ನಗುತ್ತ ಹೊಂದಿಕೊಂಡಿತು. ನನ್ನ ಅಂಗಡಿಯಲ್ಲಿ ನಿಲ್ಲಲು ಜಾಗವಿಲ್ಲ. ಮೂವತ್ತೊಂದು ಹೊಸ ಯೂನಿಫಾರಂ. ಅಳತೆ ತೆಗೆಯುವುದೇ ಒಂದು ಯುದ್ಧ. ಕಂಕುಳಿಗೆ ಟೇಪು ಹಾಕಿದರೆ ಕಚಗುಳಿ ಎಂದು ಕುಸಿದು ಕೂರುವ ಆರಡಿ ಆಳುಗಳು! ಮನೆಗಳಲ್ಲಿ ಮೇಲಿನ ಹಲಗೆಯ ಡಬ್ಬಿಗಳೆಲ್ಲ ಕೆಳಗಿಳಿದವು. ಶಾಲೆಯ ನೆಲ್ಲಿಮರದಲ್ಲಿ ಒಂದು ಕಾಯಿ ಉಳಿಯಲಿಲ್ಲ. ಕಬಡ್ಡಿ ಆಡಿದರೆ ಧೂಳೆದ್ದು ನನ್ನ ಬಿಳಿ ಬಟ್ಟೆಗಳೆಲ್ಲ ಕೆಂಪಾಗುತ್ತಿದ್ದವು. ನನ್ನ ಗಂಡ ಲಾರಿ ಇಳಿದು ಬಂದವನು ಬಾಗಿಲು ತೆರೆದ ಇಂಚರಳನ್ನು ನೋಡಿ ಮೂರು ಹೆಜ್ಜೆ ಹಿಂದೆ ಸರಿದು, "ಕ್ಷಮಿಸ್ರಿ, ಮನೆ ತಪ್ಪಾಯ್ತು ಅನ್ಸುತ್ತೆ" ಎಂದ. "ಅಪ್ಪಾ!" ಎಂದು ಅವಳು ಎಂದಿನಂತೆ ಹಾರಿ ಅವನ ಸೊಂಟಕ್ಕೆ ಕಾಲು ಸುತ್ತಿದಳು. ಇಬ್ಬರೂ ಜಗುಲಿಯ ಮೇಲೆ ಬಿದ್ದರು. ಅವನ ಬೆನ್ನಿಗೆ ಎಣ್ಣೆ ತಿಕ್ಕುತ್ತ ನಾನು ನಕ್ಕಾಗ, "ನಗ್ಬೇಡ ಕಣೆ, ನನ್ನ ಮಗಳನ್ನ ಎತ್ಕೊಳ್ಳೋಕೆ ಆಗ್ಲಿಲ್ಲ ನನಗೆ" ಎಂದ. ಅವನ ಕಣ್ಣು ಒದ್ದೆಯಾಗಿತ್ತು.

ಗಲಗಲಕ್ಕೆ ಮಾತ್ರ ಇದೆಲ್ಲ ಗೊತ್ತಿರಲಿಲ್ಲ, ಅಥವಾ ಹಾಗೆಂದು ನಾವು ತಿಳಿದಿದ್ದೆವು. ಅದು ಮಕ್ಕಳನ್ನು ಪೂರಾ ದೊಡ್ಡವರಂತೆಯೇ ನಡೆಸಿಕೊಂಡಿತು. ದೊಡ್ಡವರ ಜಗಳ, ದೊಡ್ಡವರ ಹೆದರಿಕೆ, ದೊಡ್ಡವರ ಬೈಗುಳ ಎಲ್ಲವನ್ನೂ ಅವರ ಮುಂದೆ ಸುರಿಯಿತು. ಅಪರಿಚಿತರಿಗೆ ಬಾಗಿಲು ತೆರೆದಿಟ್ಟಿತು. ಲಿಖಿತ ಏನನ್ನೋ ನೋಡಿ ಹೆದರಿ ಮೂರು ದಿನ ಮಾತು ಬಿಟ್ಟ. ಅಷ್ಟು ದೊಡ್ಡ ಮೀಸೆಯ ಹುಡುಗ ಅಜ್ಜಿಯ ಸೆರಗು ಹಿಡಿದುಕೊಂಡೇ ಬಚ್ಚಲಿಗೂ ಹೋಗುತ್ತಿದ್ದನಂತೆ. ನಾವು ಮೊಬೈಲು ಕಿತ್ತುಕೊಂಡೆವು, ಆ್ಯಪ್ ತೆಗೆದುಹಾಕಿದೆವು. ಮಕ್ಕಳು ಚಿಕ್ಕವರಾಗಲಿಲ್ಲ. ಒಪ್ಪಿಕೊಂಡವರು ಹೊಡೆದುಹಾಕಿರಲಿಲ್ಲವಲ್ಲ.

ನಾನು ಕಿತ್ತುಕೊಳ್ಳುವುದರಲ್ಲಿ ಎರಡು ದಿನ ತಡಮಾಡಿದೆ. ರವಿಕೆಗಳ ಗಡಿಬಿಡಿ, ಅವಳು ಮೂಲೆಯಲ್ಲಿ ಮೊಬೈಲು ಹಿಡಿದು ಸುಮ್ಮನಿದ್ದರೆ ನನಗೂ ಅನುಕೂಲವೇ ಆಗಿತ್ತು. ಇದನ್ನು ಮುಚ್ಚಿಡುವುದಿಲ್ಲ. ಆ ಎರಡು ದಿನಗಳಲ್ಲಿ "ಬಣ್ಣದ ಅಣ್ಣ" ಎಂಬ ಹೆಸರಿನ ಒಬ್ಬ ಇಂಚರ ಕುಣಿದದ್ದನ್ನು ಮೆಚ್ಚಿ ಬರೆದಿದ್ದ. "ನೀನು ಟಿವಿಯಲ್ಲಿ ಬರಬೇಕಾದವಳು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಪೇಟೆಗೆ ಬಾ. ನಿಲ್ದಾಣದಲ್ಲಿ ಕಾಯ್ತೀನಿ. ಮನೆಯಲ್ಲಿ ಹೇಳಬೇಡ, ಆಮೇಲೆ ಎಲ್ಲರಿಗೂ ಆಶ್ಚರ್ಯ ಮಾಡೋಣ." ಶನಿವಾರ ನನ್ನ ಮಗಳು ನಿಖಿತಾಳ ಮನೆಗೆ ಹೋಗುತ್ತೇನೆಂದು ಹೇಳಿ, ನಾನೇ ಹೊಲಿದ ಹೊಸ ಚೂಡಿದಾರ ಹಾಕಿಕೊಂಡು, ಬಸ್ಸು ಹತ್ತಿದಳು. ಅವಳನ್ನು ನೋಡಿದ ಯಾರಿಗೂ ತಡೆಯಬೇಕೆನಿಸಲಿಲ್ಲ. ಕಾಲೇಜು ಹುಡುಗಿ, ಪೇಟೆಗೆ ಹೊರಟಿದ್ದಾಳೆ. ಅದರಲ್ಲೇನಿದೆ?

ಆ ಬಸ್ಸಿನ ಕಂಡಕ್ಟರು ಮೌಲಾಲಿ. ನಂತರ ಅವರೇ ನನಗೆ ಎಲ್ಲ ಹೇಳಿದರು. ಕೆರೆ ಏರಿ ದಾಟುವಾಗ ಟಿಕೆಟ್ ಟಿಕೆಟ್ ಎನ್ನುತ್ತ ಅವಳ ಸೀಟಿನ ಹತ್ತಿರ ಬಂದರಂತೆ. ಅವಳು ಚಿಲ್ಲರೆ ಚಾಚಿ, "ಒಂದು ಹಾಫ್" ಎಂದಳು.

"ಹಾಫ್ ಯಾರಿಗಮ್ಮಾ? ಮಗು ಎಲ್ಲಿ?"

"ನನಗೇ."

ಮೌಲಾಲಿ ಟಿಕೆಟ್ ಯಂತ್ರವನ್ನು ಕೆಳಗಿಳಿಸಿದರು. ಮುಖ ನೋಡಿದರು. ಕಾಲು ನೋಡಿದರು, ಚಪ್ಪಲಿ ಎಡಬಲ ಅದಲುಬದಲಾಗಿತ್ತು. ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದರು. "ಎಷ್ಟನೇ ಕ್ಲಾಸಮ್ಮಾ?"

"ಐದು. ಬಿ ಸೆಕ್ಷನ್."

"ಪೇಟೇಲಿ ಯಾರಿದಾರೆ?"

"ಹೇಳಬಾರ್ದು ಅಂದಿದಾರೆ."

"ಹಂಗಾ" ಎಂದು ಮೌಲಾಲಿ ಅವಳ ಅಮ್ಮ ಯಾರೆಂದು ಕೇಳಿಕೊಂಡು, ಎದ್ದು ಸೀಟಿ ಊದಿದರು. ನಲವತ್ತು ಜನ ತುಂಬಿದ್ದ ಬಸ್ಸು ಕೆರೆ ಏರಿಯ ತುದಿಯಲ್ಲಿ ತಿರುಗಿ, ದಾರಿಯಲ್ಲದ ದಾರಿಯಲ್ಲಿ ಬಂದು, ನನ್ನ ಅಂಗಡಿಯ ಮುಂದೆ ನಿಂತಿತು. ಯಾರೊಬ್ಬರೂ ತಡವಾಯಿತೆಂದು ಗೊಣಗಲಿಲ್ಲ. ಪಕ್ಕದ ಸೀಟಿನ ಹೆಂಗಸು ಕೊಟ್ಟ ಬಾಳೆಹಣ್ಣು ತಿನ್ನುತ್ತ ಇಂಚರ ಇಳಿದಳು. ಮೌಲಾಲಿ ಕಿಟಕಿಯಿಂದಲೇ, "ಸುಗುಣಕ್ಕಾ, ನಿಮ್ಮ ಹಾಫ್ ಟಿಕೆಟ್ ತಗೊಳ್ಳಿ" ಎಂದರು. ನನಗೆ ವಿಷಯ ತಿಳಿದಾಗ ಕತ್ತರಿ ಬಿಸಾಡಿ ಓಡಿದೆ. ಬೈಯಬೇಕೆಂದುಕೊಂಡವಳು ನನಗಿಂತ ಎತ್ತರದ ಮಗಳನ್ನು ಅಪ್ಪಿಕೊಂಡು, ಮುಖವನ್ನು ಅವಳ ಭುಜದಲ್ಲಿಟ್ಟು ಅತ್ತೆ. "ಅಳಬೇಡಮ್ಮಾ, ನಾನು ಟಿವಿಗೆ ಹೋಗಲ್ಲ" ಎಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು.

ರೇವಣ್ಣ ಮೇಷ್ಟ್ರು ಪೊಲೀಸರಿಗೆ ಫೋನು ಮಾಡಿದರು. ಪೇಟೆಯ ನಿಲ್ದಾಣದಲ್ಲಿ ಕಾಯುತ್ತಿದ್ದವನನ್ನು ಅಂದೇ ಹಿಡಿದರು. ನಲವತ್ತೈದು ದಾಟಿದ ಗಂಡಸು. ಗಲಗಲದಲ್ಲಿ ಇಪ್ಪತ್ತೆರಡು ಎಂದು ಬರೆದುಕೊಂಡಿದ್ದನಂತೆ. ಅವನ ಊರಿನಲ್ಲಿ ಬರೆದದ್ದು ಮೈಗೆ ಬರುವುದಿಲ್ಲ, ಅಷ್ಟೇ.

ಅಲ್ಲಿಗೆ ಊರಿನ ನಗು ನಿಂತಿತು. ಸೀತಾಬಾಯಿಯವರು ಗಲಗಲದ ಕಂಪನಿಗೆ ಮೂವತ್ತೊಂದು ಪತ್ರ ಬರೆದರು. ಬಂದ ಉತ್ತರಗಳೆಲ್ಲ ಒಂದೇ: "ಬಳಕೆದಾರರು ತಮ್ಮ ವಯಸ್ಸನ್ನು ತಾವೇ ದೃಢೀಕರಿಸಿರುತ್ತಾರೆ. ನಿಮ್ಮ ಅನಿಸಿಕೆ ನಮಗೆ ಅಮೂಲ್ಯ." ಕೊನೆಯಲ್ಲಿ ಒಂದು ನಗುಮುಖದ ಚಿತ್ರ. ಸೀತಾಬಾಯಿಯವರು ಮೂವತ್ತೆರಡನೆಯ ಪತ್ರ ಬರೆದರು. ಅದರಲ್ಲಿ ಇದ್ದದ್ದು ಒಂದೇ ಸಾಲು: "ಕೇಳಿದವರು ನೀವು, ಒಪ್ಪಿಕೊಂಡವರು ನೀವು, ಆದಕಾರಣ ಬಂದು ಹೊಡೆದುಹಾಕತಕ್ಕದ್ದು." ಕೆಳಗೆ ಪುರಸಭೆಯ ಮುದ್ರೆ. ಜೊತೆಗೆ ಪೊಲೀಸರ ಕಾಗದವೂ ಹೋಗಿದ್ದರಿಂದಲೋ ಏನೋ, ಹತ್ತನೆಯ ದಿನ ಕಂಪನಿಯಿಂದ ಒಬ್ಬ ಬಂದ.

ಹೆಸರು ಸುಮುಖ. ಮೂವತ್ತರ ಆಸುಪಾಸು. ಒಳ್ಳೆಯ ಬಟ್ಟೆಯ ಅಂಗಿ, ಆದರೆ ತೋಳಿನ ಗುಂಡಿ ಒಂದೇ ದಾರದಲ್ಲಿ ನೇತಾಡುತ್ತಿತ್ತು. ಕೈಯಲ್ಲಿ ಒಂದು ಟ್ಯಾಬ್. ಶಾಲೆಯ ಅಂಗಳದಲ್ಲಿ ಎಲ್ಲರನ್ನೂ ಸೇರಿಸಿ, ಟ್ಯಾಬಿನ ಕ್ಯಾಮೆರಾ ಮುಂದೆ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿದ. ಪ್ರತಿಯೊಬ್ಬರಿಗೂ "ವಯಸ್ಕ" ಎಂದು ಹಸಿರು ದೀಪ ಬಂತು.

"ನೋಡಿ, ಮುಖ ತಪಾಸಣೆಯಲ್ಲೂ ಹದಿನೆಂಟೇ" ಎಂದ. ಜೋರು ಮಾಡಲಿಲ್ಲ, ಪಾಪ, ಮರ್ಯಾದೆಯಿಂದಲೇ ಹೇಳಿದ. "ನಾವು ಕೇಳಿದ್ವಿ, ಇವರು ಹೌದು ಅಂದ್ರು. ಲಕ್ಷಾಂತರ ಜನ ಬರ್ತಾರೆ ಸಾರ್. ಯಾರು ಸುಳ್ಳು ಹೇಳ್ತಾರೆ ಅಂತ ನಮಗೆ ಹೆಂಗೆ ಗೊತ್ತಾಗ್ಬೇಕು? ತಂದೆ ತಾಯಿ ನೋಡ್ಕೋಬೇಕಲ್ವಾ?"

ಕೊನೆಯ ಮಾತು ನನಗೆ ನಾಟಿತು. ಎದ್ದು ನಿಂತೆ. "ನೋಡ್ಕೋಬೇಕಿತ್ತು. ನಾನು ನೋಡ್ಕೊಳ್ಲಿಲ್ಲ. ನನ್ನ ತಪ್ಪು ನಂದೇ, ಅದನ್ನ ನಿಮ್ಮ ತಲೆಗೆ ಕಟ್ಟಲ್ಲ. ನಿಮ್ಮ ತಪ್ಪು ಯಾರದು ಅಂತ ಹೇಳಿ." ಅವನು ಟ್ಯಾಬಿನ ಕಡೆ ನೋಡಿದ. "ಗೊತ್ತಾಗಲ್ಲ ಅಂತೀರಲ್ಲ, ಒಂದು ತಾಸು ನನ್ನ ಅಂಗಡೀಲಿ ಕೂತ್ಕೊಂಡು ನೋಡಿ. ಆ ಗುಂಡೀನೂ ಹಾಕ್ಕೊಡ್ತೀನಿ."

ಗುಂಡಿಯ ಆಸೆಗೋ, ಬಿಸಿಲಿಗೋ, ಬಂದು ಕೂತ. ಪಕ್ಕದ ಬೀದಿಯ ಐಟಿಐಯಿಂದ ನಿಜವಾಗಿಯೂ ಹದಿನೆಂಟಾದ ಹತ್ತು ಹುಡುಗ ಹುಡುಗಿಯರನ್ನು ರೇವಣ್ಣ ಮೇಷ್ಟ್ರು ಕರೆಸಿದರು. ಅವರನ್ನು ನಮ್ಮ ಮೂವತ್ತೊಂದು ಮಕ್ಕಳ ನಡುವೆ ಬೆರೆಸಿ ಸಾಲು ನಿಲ್ಲಿಸಿದರು. ನಾನು ಒಬ್ಬೊಬ್ಬರನ್ನೇ ಕರೆದು ಅಳತೆ ತೆಗೆದೆ. ಸುಮುಖ ಒಂದು ಕಾಗದ ಹಿಡಿದು, ಮಗು, ದೊಡ್ಡವರು ಎಂದು ಗುರುತು ಹಾಕುತ್ತ ಹೋದ. ಎದೆ ಅಳೆಯುವಾಗ ದೊಡ್ಡವರು ಹೊಟ್ಟೆಯನ್ನು ಒಳಗೆಳೆದುಕೊಂಡರು. ಮಕ್ಕಳು ಕೆನ್ನೆ ಉಬ್ಬುವವರೆಗೆ ಉಸಿರು ತುಂಬಿಕೊಂಡರು. ದೊಡ್ಡವರು ಕನ್ನಡಿ ನೋಡಿಕೊಂಡರು. ಮಕ್ಕಳು ಕನ್ನಡಿಗೆ ನಾಲಿಗೆ ಚಾಚಿದರು. ಒಬ್ಬ ನನ್ನ ಟೇಪನ್ನು ಹಾವು ಮಾಡಿ ಮುಂದಿನವನ ಕುತ್ತಿಗೆಗೆ ಬಿಟ್ಟ. ಇನ್ನೊಬ್ಬಳು, "ಅಂಕಲ್, ನೀವು ಬರೆಯೋ ಪೆನ್ನು ಕ್ಲಿಕ್ ಮಾಡ್ಲಾ?" ಎಂದು ಕೇಳಿ, ಹದಿನೈದು ಸಲ ಟಿಕ್ ಟಿಕ್ ಎನಿಸಿ ಹೋದಳು. ಸುಮುಖ ನಗು ತಡೆಯಲು ತುಟಿ ಕಚ್ಚಿಕೊಂಡ.

ಕೊನೆಗೆ ಸೀತಾಬಾಯಿಯವರು ಅವನ ಕಾಗದವನ್ನು ಹೆಸರು ಹಿಡಿದು ತಾಳೆ ನೋಡಿದರು. ನಲವತ್ತೊಂದರಲ್ಲಿ ನಲವತ್ತು ಸರಿ. ಐಟಿಐಯ ಒಬ್ಬ ಹುಡುಗ ಕಚಗುಳಿಗೆ ನಕ್ಕಿದ್ದಕ್ಕೆ ಅವನನ್ನು ಮಗು ಎಂದು ಬರೆದುಬಿಟ್ಟಿದ್ದ.

"ಒಂದು ತಪ್ಪಾಯ್ತಲ್ಲ" ಎಂದ ಸುಮುಖ, ಸ್ವಲ್ಪ ಗೆದ್ದವನಂತೆ.

"ಪರವಾಗಿಲ್ಲಪ್ಪಾ" ಎಂದರು ಸೀತಾಬಾಯಿ. "ದೊಡ್ಡವನನ್ನ ಇನ್ನೊಂದು ಸಲ ಕೇಳಿದ್ರೆ ಯಾರ ಮನೇನೂ ಹಾಳಾಗಲ್ಲ. ಅವನು ಎರಡು ಬೈಗುಳ ಬೈದು ಸುಮ್ಮನಾಗ್ತಾನೆ. ನಲವತ್ತು ವರ್ಷದಿಂದ ನಾನು ಆ ಬೈಗುಳ ತಿಂತಾ ಇದೀನಿ, ನೋಡು, ಗುಂಡುಕಲ್ಲಿನ ಹಾಗೆ ಇದೀನಿ."

ಅವನು ಕಾಗದ ಮಡಚಿದ. "ಮನುಷ್ಯರಿಗೆ ಗೊತ್ತಾಗುತ್ತೆ ಮೇಡಂ. ಒಪ್ಪಿದೆ. ಆದ್ರೆ ಅಲ್ಲಿ ಕೂತಿರೋದು ಯಂತ್ರ. ಯಂತ್ರಕ್ಕೆ ಮಕ್ಕಳು ಯಾರು ಅಂತ ಗೊತ್ತಾಗಲ್ಲ."

ಆ ಹೊತ್ತಿಗೆ ಇಂಚರ ಅಂಗಡಿಯ ಮೂಲೆಯಲ್ಲಿ ಕೂತು ಮೇಜಿನ ಮೇಲಿದ್ದ ನನ್ನ ಮೊಬೈಲು ತಿರುವುತ್ತಿದ್ದಳು. ಕಂಪನಿಯವನಿಗೆ ತೋರಿಸಬೇಕೆಂದು ಗಲಗಲವನ್ನು ಅವಳ ಹೆಸರಿನಲ್ಲೇ ಮತ್ತೆ ಹಾಕಿಸಿದ್ದೆ. "ಅಂಕಲ್, ಗೊತ್ತಾಗುತ್ತೆ" ಎಂದಳು.

"ಹೆಂಗೆ ಪುಟ್ಟಾ?" ಎಂದ ಸುಮುಖ. ಐದೂವರೆ ಅಡಿಯವಳನ್ನು ಪುಟ್ಟಾ ಎಂದದ್ದು ಅವನಿಗೇ ತಿಳಿಯಲಿಲ್ಲ.

"ಇಲ್ನೋಡಿ, ಈ ಜಾಹೀರಾತು ನನಗೆ ದಿನಾ ಬರುತ್ತೆ. ಮೊಲದ ಕಿವಿ ಇರೋ ಟಿಫಿನ್ ಡಬ್ಬಿ. ಆಮೇಲೆ ಇಪ್ಪತ್ತನಾಲ್ಕು ಬಣ್ಣದ ಕ್ರೇಯಾನ್. ಆಮೇಲೆ ಐದನೇ ಕ್ಲಾಸಿನ ಗಣಿತ ಗೈಡು. ಲಿಖಿತಂಗೆ ನಾಲ್ಕನೇ ಕ್ಲಾಸಿಂದು ಬರುತ್ತೆ. ಅಮ್ಮಂಗೆ ಬರಲ್ಲ, ಅಮ್ಮಂಗೆ ಬರೀ ಮಂಡಿನೋವಿನ ಎಣ್ಣೆ."

ಮೊಬೈಲನ್ನು ನಾನು ಅವಳ ಕೈಯಿಂದ ತೆಗೆದುಕೊಂಡು ಸುಮುಖನ ಮುಂದಿಟ್ಟೆ. "ಹದಿನೆಂಟು ವರ್ಷದವಳಿಗೆ ಮೊಲದ ಡಬ್ಬಿ ಯಾಕೆ ಮಾರ್ತಾ ಇದೀರಿ ಸಾರ್? ಎಷ್ಟನೇ ಕ್ಲಾಸು ಅಂತನೂ ಗೊತ್ತಿದೆ ನಿಮ್ಮ ಯಂತ್ರಕ್ಕೆ. ಮಾರೋವಾಗ ಮಗು, ಕಾಯೋವಾಗ ದೊಡ್ಡವಳು?"

ಅವನು ಆ ಡಬ್ಬಿಯ ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದ. ಕಿವಿ ಕೆಂಪಾಗಿತ್ತು. "ಇದು ಬೇರೆ ವಿಭಾಗದವರು ಮಾಡೋದು" ಎಂದು ಶುರುಮಾಡಿದ, ಅರ್ಧಕ್ಕೇ ನಿಲ್ಲಿಸಿದ. ಆಮೇಲೆ ಹೊರಗೆ ಹೋಗಿ ನೆಲ್ಲಿಮರದ ಕೆಳಗೆ ನಿಂತು ಫೋನಿನಲ್ಲಿ ಮಾತಾಡಿದ. ಮೊದಲು ಮೆಲ್ಲಗೆ ಮಾತಾಡಿದ. ಆಮೇಲೆ ಕೈ ಬೀಸುತ್ತ ಮಾತಾಡಿದ. ಕೊನೆಗೆ, "ಇಲ್ಲ ಸಾರ್, ನನ್ನ ಕಣ್ಣ ಮುಂದೆ ಇದಾರೆ. ನೀವೇ ಬಂದು ನೋಡಿ, ಇಲ್ಲಾಂದ್ರೆ ನನಗೆ ಬಿಡಿ" ಎಂದದ್ದು ಬೀದಿಗೆಲ್ಲ ಕೇಳಿಸಿತು. ಒಳಗೆ ಬಂದವನು ಟ್ಯಾಬ್ ತೆರೆದು ನನ್ನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಇಟ್ಟ. "ತಪ್ಪು ನಮೂದು ತೆಗೆದುಹಾಕೋ ಅಧಿಕಾರ ನನಗಿದೆ. ಒಬ್ಬೊಬ್ಬರೇ ಬನ್ನಿ" ಎಂದ. ಆಮೇಲೆ ಸೀತಾಬಾಯಿಯವರ ಕಡೆ ತಿರುಗಿ, "ಹೆಂಗೆ ನೋಡ್ಬೇಕು, ಹೇಳಿಕೊಡಿ" ಎಂದು ಕೇಳಿದ.

ಅವರು ಅವನ ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಕೂತರು. "ಮೊದಲು ಹೆಸರು ಕೇಳು. ಆಮೇಲೆ ಮುಖ ನೋಡು. ಅವಸರ ಮಾಡ್ಬೇಡ."

ಮೊದಲು ಲಿಖಿತ ಬಂದ. ಹೆಸರು ಹೇಳಿದ, ಒಂಬತ್ತು ವರ್ಷ ಎಂದ. ಸುಮುಖ ಅವನ ಮುಖವನ್ನು ನೋಡಿದ, ಪರದೆಯ ಮೇಲಿದ್ದ ಹದಿನೆಂಟನ್ನು ಬೆರಳಿನಿಂದ ಅಡ್ಡ ಗೀಟು ಎಳೆದು ಹೊಡೆದುಹಾಕಿದ, ಒಂಬತ್ತು ಎಂದು ಬರೆದ. ಮೀಸೆ ಇದ್ದ ಜಾಗದಲ್ಲಿ ಸಿಂಬಳದ ಗೆರೆ ಕಾಣಿಸಿತು. ಅಂಗಿಯೊಳಗೆ ಹುಡುಗ ಮುಳುಗಿಹೋದ. ಎರಡು ತೋಳುಗಳು ನೆಲ ಗುಡಿಸಿದವು. ಹೊರಗೆ ನಿಂತಿದ್ದ ಅವನ ಅಜ್ಜಿ ಕೂಗಿದ ಕೂಗಿಗೆ ಐಟಿಐ ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಒಬ್ಬೊಬ್ಬರೇ ಬಂದು ಚಿಕ್ಕವರಾಗಿ ಹೊರಗೆ ಓಡಿದರು. ಪ್ಯಾಂಟು ಹಿಡಿದುಕೊಂಡು, ಲಂಗ ಎತ್ತಿಕೊಂಡು, ನಾನು ಹದಿನೈದು ದಿನ ಕಣ್ಣು ಕೀಳುವಂತೆ ಹೊಲಿದ ಬಟ್ಟೆಗಳನ್ನೆಲ್ಲ ಧೂಳಿನಲ್ಲಿ ಎಳೆದುಕೊಂಡು. ಸುಮುಖ ಒಬ್ಬರನ್ನೂ ಮುಖ ನೋಡದೆ ಕಳಿಸಲಿಲ್ಲ. ಇಪ್ಪತ್ತು ಜನ ಮುಗಿಯುವಷ್ಟರಲ್ಲಿ ಅವನ ಕಣ್ಣಲ್ಲಿ ನೀರು ತುಂಬಿತ್ತು, ಮುಖ ಮಾತ್ರ ನಗುತ್ತಿತ್ತು.

ಇಂಚರಳ ಸರದಿ ಬಂದಾಗ, "ಒಂದು ನಿಮಿಷ" ಎಂದೆ. ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಆ ಉದ್ದನೆಯ ಜಡೆಯನ್ನು ಬಿಚ್ಚಿ ಮತ್ತೆ ಹೆಣೆದೆ. ಕತ್ತು, ಕಿವಿಯ ಹಿಂಬದಿ, ಹುಬ್ಬು ಎಲ್ಲ ನೋಡಿದೆ. ಚೆಲುವೆಯೇ, ಏನು ಹೇಳಲಿ. "ಯಾಕಮ್ಮಾ ಹಂಗೆ ನೋಡ್ತೀಯ?" ಎಂದಳು. "ಏನಿಲ್ಲ, ಹೋಗು" ಎಂದೆ. ಸುಮುಖ ಗೀಟು ಎಳೆದ. ಜಡೆ ನನ್ನ ಕೈಯಲ್ಲೇ ಗಿಡ್ಡವಾಯಿತು. ಬೆಚ್ಚಗಿನ ಪುಟ್ಟ ತಲೆಯೊಂದು ನನ್ನ ಹೊಟ್ಟೆಗೆ ಒರಗಿ, "ಅಮ್ಮಾ, ಹಸಿವು" ಎಂದಿತು. ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ ಒಂದೇ ನೆಗೆತಕ್ಕೆ ಒಳಬಂದು ಅವಳನ್ನು ಎತ್ತಿಕೊಂಡ. ಊಟ ಮುಗಿಯುವವರೆಗೂ ಕೆಳಗಿಳಿಸಲಿಲ್ಲ.

ಕಂಪನಿ ಅಷ್ಟು ಸುಲಭವಾಗಿ ಬಗ್ಗಲಿಲ್ಲ. ಮೂರು ತಿಂಗಳು ಕಾಗದ ಹೋದವು, ಬಂದವು. ಕೊನೆಗೆ ನಮ್ಮ ಊರಿನ ಮಟ್ಟಿಗೆ ಆ ದೊಡ್ಡ ಹಸಿರು ಗುಂಡಿಯನ್ನು ತೆಗೆದುಹಾಕಿದರು. ಪುರಸಭೆಯ ಪಕ್ಕದ ಕೋಣೆಯಲ್ಲಿ ಅವರದೇ ಖರ್ಚಿನಲ್ಲಿ ಒಂದು ಕಿಟಕಿ ತೆರೆದರು. ಗಲಗಲ ಬೇಕಾದವರು ಒಂದು ಸಲ ಅಲ್ಲಿಗೆ ಹೋಗಿ ಮುಖ ತೋರಿಸಬೇಕು. ನೋಡಿದವರು ಆಗಿದೆ ಅಥವಾ ಆಗಿಲ್ಲ ಎಂದಷ್ಟೇ ಬರೆದುಕೊಳ್ಳಬೇಕು, ಬೇರೇನೂ ಇಟ್ಟುಕೊಳ್ಳಕೂಡದು ಎಂದು ಸೀತಾಬಾಯಿಯವರು ಷರತ್ತು ಹಾಕಿದರು. ಮೊದಲ ವಾರ ಗೋವಿಂದಪ್ಪನವರು ಸಾಲಿನಲ್ಲಿ ನಿಂತು, "ಈ ತಲೆ ನೋಡಿದ್ರೂ ವಯಸ್ಸು ಕೇಳ್ಬೇಕಾ ನೀವು?" ಎಂದು ಕೂಗಾಡಿದರು. ಕೇಳಿದರು. ಹೇಳಿದರು. ಮುಗಿಯಿತು. ಬೇರೆ ಊರುಗಳ ಮಾತು ನನಗೆ ಗೊತ್ತಿಲ್ಲ. ಅಲ್ಲಿ ಬರೆದದ್ದು ಮೈಗೆ ಬರುವುದಿಲ್ಲವಾದ್ದರಿಂದ ಯಾರಿಗೂ ಕಾಣಿಸುವುದಿಲ್ಲವೇನೋ ಎಂದು ಸುಮುಖ ಒಮ್ಮೆ ಪತ್ರದಲ್ಲಿ ಬರೆದಿದ್ದ. ಅವನು ಈಗ ಆ ಕಂಪನಿಯಲ್ಲಿ 'ಮಾರುವ' ಮತ್ತು 'ಕಾಯುವ' ವಿಭಾಗಗಳನ್ನು ಒಂದೇ ಕೋಣೆಯಲ್ಲಿ ಕೂರಿಸಬೇಕೆಂದು ಜಗಳವಾಡುತ್ತಿದ್ದಾನಂತೆ.

ಇಂಚರ ಹನ್ನೊಂದಾದಳು, ಹನ್ನೆರಡಾದಳು. ಹದಿಮೂರರಲ್ಲಿ ಸೈಕಲ್ಲಿನಿಂದ ಬಿದ್ದು ಗದ್ದಕ್ಕೆ ನಾಲ್ಕು ಹೊಲಿಗೆ ಹಾಕಿಸಿಕೊಂಡಳು. ಹದಿನಾಲ್ಕರಲ್ಲಿ ನನ್ನ ಜೊತೆ ಇಡೀ ವರ್ಷ ಜಗಳ. ಹದಿನೈದರಲ್ಲಿ ಈಜು ಕಲಿತು ಭುಜ ಅಗಲವಾದವು. ನಾನು ಹೊಲಿದದ್ದೆಲ್ಲ ಬಿಗಿಯಾಯಿತು. ಅಪ್ಪನ ಹಾಗೆ ಒಂದೇ ಕಡೆ ತುಟಿ ಎತ್ತಿ ನಗುವುದನ್ನು ಯಾವಾಗ ಕಲಿತಳೋ ತಿಳಿಯದು. ಮೊನ್ನೆ ಶ್ರಾವಣದಲ್ಲಿ ಅವಳಿಗೆ ಹದಿನೆಂಟು ತುಂಬಿತು. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಪುರಸಭೆಗೆ ಇಬ್ಬರೂ ಹೋದೆವು. ಸೀತಾಬಾಯಿಯವರು ನಿವೃತ್ತರಾಗಿದ್ದಾರೆ, ಕಿಟಕಿಯಲ್ಲಿ ಈಗ ಕೂರುವವಳು ನಿಖಿತಾಳ ಅಕ್ಕ. ಇಂಚರ ವಯಸ್ಸಿನ ಖಾನೆಯಲ್ಲಿ ಪೆನ್ನು ಎತ್ತಲಿಲ್ಲ, ಎಣಿಸಲಿಲ್ಲ. ಬರೆದು ಕೊಟ್ಟಳು. ಆ ಹುಡುಗಿ, "ಬೆಳಕಿಗೆ ಬಾರೇ" ಎಂದಳು. ಬೆಳಕಿಗೆ ಬಂದ ಮುಖವನ್ನು ನಾನೂ ನೋಡಿದೆ. ಆ ಬುಧವಾರ ನನ್ನ ಬಾಗಿಲಲ್ಲಿ ನಿಂತಿದ್ದವಳು ಇವಳಾಗಿರಲಿಲ್ಲ. ಅವಳ ಗದ್ದ ನುಣುಪಾಗಿತ್ತು. ಅವಳಿಗೆ ಈ ನಗು ಬರುತ್ತಿರಲಿಲ್ಲ. ಅವಳು ಯಾರೊಂದಿಗೂ ಜಗಳವಾಡಿದವಳಲ್ಲ.

"ಸರಿ ಇದೆ" ಎಂದು ಕಿಟಕಿಯ ಹುಡುಗಿ ಮುದ್ರೆ ಒತ್ತಿದಳು. ನನ್ನ ಮಗಳ ಒಂದು ಕೂದಲೂ ಅಲುಗಲಿಲ್ಲ.